ಕಣದ ಕಾಫಿ ಮರೆಸಿದ ಕೊರಿಯನ್ ಸೀರಿಯಲ್

ಎರಡು ವರ್ಷದ ಹಿಂದಿನ ಕಾಫಿ ಕುಯ್ಲಿನ ಸಮಯ. ಬಣಕಲ್ ಹತ್ತಿರದ ನಮ್ಮ ಸಣ್ಣ ತೋಟಕ್ಕೆ ಜಾರ್ಖಂಡಿನಿಂದ ಕೆಲಸದವರು ಬಂದಿದ್ದರು. ನಮ್ಮ ಯಜಮಾನರು ಅವರ ಜೊತೆ ತೋಟದಲ್ಲಿ, ನಾನು ಮನೆ ಮುಂದಿನ ಕಣದಲ್ಲಿ. ಒಣಗಲು ಹರಡಿದ ಕಾಫಿಯನ್ನು ಆಗಾಗ ಕೈಯಾಡಿಸುವುದು, ಮೋಡ ಕಂಡರೆ ಟಾರ್ಪಾಲು ಹೊದಿಸುವುದು ನನ್ನ ಜವಾಬ್ದಾರಿ. ನೆನೆದರೆ ಕಾಫಿಗೆ ಮುಗ್ಗಲು ವಾಸನೆ ಹಿಡಿಯುತ್ತದೆ, ವರ್ಷದ ದುಡಿಮೆ ನೀರುಪಾಲು.

ಕೆಲಸದವರಲ್ಲಿ ಸುನೀತಾ ಅಂತ ಒಬ್ಬಳು, ಕಾಲು ಉಳುಕಿದ್ದರಿಂದ ಗುಡ್ಡ ಹತ್ತಲಾಗದೆ ಕಣಕ್ಕೆ ಬಂದಿದ್ದಳು. ಪ್ರತಿ ಕುಯ್ಲಿಗೂ ಬಂದು ಬಂದು ಕನ್ನಡ ಕಲಿತಿದ್ದಳು. ಒಳ್ಳೆಯವಳೇ, ಆದರೆ ಬಿಡುವು ಸಿಕ್ಕಿದರೆ ಸಾಕು, ಫೋನು. ಹಿಂದಿಗೆ ಡಬ್ ಮಾಡಿದ ಕೊರಿಯಾದ ಪ್ರೇಮದ ಸೀರಿಯಲ್ಲು. ಊರಲ್ಲಿರುವ ತಂಗಿಯೂ ಅದನ್ನೇ ನೋಡುತ್ತಿದ್ದಳಂತೆ. ಮಧ್ಯಾಹ್ನ ಊಟದ ಹೊತ್ತಿಗೆ ತಂಗಿಯ ಫೋನು ಬರುತ್ತಿತ್ತು, ಅಕ್ಕತಂಗಿ ಅದರದ್ದೇ ಮಾತಾಡಿ ಕಿಸಿಕಿಸಿ ನಗುತ್ತಿದ್ದರು. ಅಂಥದ್ದೇನಿದೆ ಅದರಲ್ಲಿ ಅಂತ ಒಮ್ಮೆ ಕೇಳಿದೆ.

"ನಮ್ ಕಡೆ ಸೀರಿಯಲ್ಲಲ್ಲಿ ಅತ್ತೆ ಕಿರುಚ್ತಾಳೆ ಅಮ್ಮಾ, ಗಂಡ ಹೊಡೀತಾನೆ. ಇದ್ರಲ್ಲಿ ಹುಡುಗ, ಊಟ ಆಯ್ತಾ ಅಂತ ಕೇಳ್ತಾನೆ," ಅಂದಳು. ನಾನು ಮೂಗು ಮುರಿದೆ.

ಒಂದು ದಿನ ಅರ್ಧ ಕಣ ಕೈಯಾಡಿಸಿ ಫೋನು ಹಿಡಿದು ನಿಂತುಬಿಟ್ಟಿದ್ದಳು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಕೈಯಿಂದ ಕಿತ್ತುಕೊಂಡು, ಸಂಜೆಯವರೆಗೆ ಇದು ನನ್ನ ಹತ್ತಿರವೇ ಇರಲಿ ಅಂದೆ. ತಂಗಿ ಫೋನ್ ಮಾಡುತ್ತಾಳೆ ಅಂತ ಗೋಗರೆದಳು. ಕೇಳದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಫೋನಿನಲ್ಲಿ ಅದು ಇನ್ನೂ ಓಡುತ್ತಿತ್ತು. ಶಾಲೆಯಲ್ಲಿ ಕಲಿತ ಹಿಂದಿ ಅಲ್ಪಸ್ವಲ್ಪ ನನಗೂ ಬರುತ್ತದೆ. ಹುಡುಗಿಗೆ ಜ್ವರ. ಹುಡುಗ ಗಂಜಿ ಮಾಡಿಕೊಂಡು ಬಂದು ಅವಳ ಬಾಗಿಲ ಹೊರಗೆ ನಿಂತಿದ್ದಾನೆ. ಮನಸ್ಸಿನಲ್ಲಿರುವುದನ್ನು ಹೇಳಲು ಬಾಯಿ ಬರುತ್ತಿಲ್ಲ. ಹೇಳೋ ಮಾರಾಯ ಅಂತ ನಾನೇ ಗೊಣಗಿದೆ. ನಿಂತಿದ್ದವಳು ಯಾವಾಗ ಕುರ್ಚಿಯಲ್ಲಿ ಕೂತೆನೋ ಗೊತ್ತಿಲ್ಲ. ನಡುವೆ ತಂಗಿಯ ಕರೆ ಬಂತು. ಕಥೆ ನಿಂತುಹೋಯಿತಲ್ಲ ಅಂತ ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ! ಹೊರಗಿನಿಂದ ಸುನೀತಾ ಅಮ್ಮಾ ಅಮ್ಮಾ ಅಂತ ಕೂಗಿದ್ದು ಕೇಳಿಸಿತು. ಫೋನಿಗಾಗಿ ಕಾಡುತ್ತಿದ್ದಾಳೆ ಅಂದುಕೊಂಡು ಸುಮ್ಮನಿದ್ದೆ.

ಹೆಂಚಿನ ಮೇಲೆ ಮಳೆ ಬಿದ್ದ ಸದ್ದಿಗೆ ಕಣದ ನೆನಪಾಯಿತು. ಅಕಾಲದ ಮಳೆ. ಓಡಿ ಹೊರಗೆ ಬಂದರೆ ಕಣವೆಲ್ಲ ಟಾರ್ಪಾಲು ಹೊದ್ದು ಮಲಗಿತ್ತು. ಇಬ್ಬರು ಸೇರಿ ಎಳೆಯಲು ಕಷ್ಟಪಡುವ ಟಾರ್ಪಾಲು ಅದು. ಸುನೀತಾ ತೊಯ್ದು ತೊಪ್ಪೆಯಾಗಿ, ಕುಂಟುತ್ತಾ, ಅಂಚಿಗೆ ಕಲ್ಲು ಹೇರುತ್ತಿದ್ದಳು.

ಸೀರಿಯಲ್ಲು ನೋಡಿ ಬಂದ ಕಣ್ಣೀರು ನನ್ನ ಕೆನ್ನೆಯ ಮೇಲೆ ಇನ್ನೂ ಆರಿರಲಿಲ್ಲ. ಕೈಯಲ್ಲಿದ್ದ ಫೋನಿನಲ್ಲಿ ಹಾಡು ಬರುತ್ತಿತ್ತು. ಅವಳು ಫೋನು ನೋಡಿದಳು, ನನ್ನ ಮುಖ ನೋಡಿದಳು. ಈಗ ಏನಂದರೂ ಅನ್ನಿಸಿಕೊಳ್ಳಬೇಕಾದವಳೇ ನಾನು.

"ಅಮ್ಮಾ, ಅವ್ನು ಹೇಳಿದ್ನಾ?" ಅಂತ ಕೇಳಿದಳು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೇಳಿದ ಅಂತ ತಲೆಯಾಡಿಸಿದೆ. ಅವಳನ್ನು ಒಳಗೆ ಕರೆದು, ಟವೆಲು ಕೊಟ್ಟು, ಬಿಸಿ ಕಾಫಿ ಮಾಡಲು ಅಡುಗೆಮನೆಗೆ ಹೋದೆ. ಫೋನು ಕೈಗೆ ಸಿಕ್ಕಿದ್ದೇ ತಂಗಿಗೆ ಕರೆ ಮಾಡಿದಳು. ಯಾಕೆ ಕಟ್ ಮಾಡುತ್ತಿದ್ದೆ ಅಂತ ತಂಗಿ ಅಳುದನಿಯಲ್ಲಿ ಕೇಳುವುದು ಸ್ಪೀಕರಿನಲ್ಲಿ ನನಗೂ ಕೇಳಿಸಿತು.

ಕಣದಲ್ಲಿ ಕೆಲಸವಿತ್ತು, ಕೈ ತಾಗಿ ಕಟ್ ಆಗಿರಬೇಕು ಅಂದಳು ಸುನೀತಾ. ನನ್ನ ಹೆಸರು ಎತ್ತಲಿಲ್ಲ.

ಆ ದಿನ ಬೆಳಿಗ್ಗೆಯಷ್ಟೇ ನಾನೂ ನನ್ನ ತಂಗಿಗೆ ಫೋನ್ ಮಾಡಿದ್ದೆ. ಈ ಹಿಂದಿಯವರು ಮೈಗಳ್ಳರು, ಇವಳಂತೂ ಯಾವ ಕೆಲಸಕ್ಕೂ ಬಾರದವಳು ಅಂತ ಅರ್ಧ ಗಂಟೆ ಆಡಿಕೊಂಡಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.