ಕಾಯಿ ಕಾಯುವ ಕಾಯ್ದೆ

ಮುಂಡರಗಿಯಿಂದ ಮೂಡಲಿಗೆ ತಿರಕಪ್ಪನ ಎಂಟೆಕರೆ ಎರೆಹೊಲ ಮುಗಿಯುವಲ್ಲಿ ಮುಂಬೈ ಸರಕಾರವೂ ಮುಗಿಯುತ್ತಿತ್ತು. ನಡುವೆ ಒಂದು ಒಡ್ಡು, ಆಚೆಗೆ ನಿಜಾಮನ ಸೀಮೆ. ಒಡ್ಡಿನ ಮೇಲೆ ನಿಂತು ಉಗುಳಿದರೆ ಯಾವ ಸರಕಾರದ ಮೇಲೆ ಬೀಳಬೇಕೆಂಬುದನ್ನು ಗಾಳಿ ತೀರ್ಮಾನಿಸುತ್ತಿತ್ತು. ಇಂಥಲ್ಲಿ ಹುಟ್ಟಿದವನು ಯಾರಿಗೂ ಅಂಜುವುದಿಲ್ಲವೆಂದುಕೊಂಡರೆ ತಪ್ಪು. ತಿರಕಪ್ಪ ಇಬ್ಬರಿಗೂ ಅಂಜುತ್ತಿದ್ದ.

ಅದಕ್ಕಿಂತ ಹೆಚ್ಚಿನ ಅಂಜಿಕೆ ಒಡ್ಡಿನಾಚೆಯ ಹೊಲದ ಪುಂಡಲೀಕಪ್ಪನನ್ನು ಕಂಡರೆ. ಒಬ್ಬಳೇ ಮಗಳು ಫಕ್ಕೀರವ್ವನನ್ನು ಅವನ ಮಗ ಗವಿಸಿದ್ದಪ್ಪನಿಗೆ ಕೊಟ್ಟಾಗಿತ್ತು. ಹೆಣ್ಣು ಕೊಟ್ಟವನ ಬಾಯಿಗೆ ಬೀಳುವ ಬೀಗಕ್ಕೇ ನಮ್ಮಲ್ಲಿ ಬೀಗರು ಎನ್ನುವುದು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮುಂಬೈ ಸರಕಾರ ಹತ್ತಿಯ ಹುಳದ ಮೇಲೂ ಕಾಯ್ದೆ ಹೊರಡಿಸಿತು. ಹತ್ತಿ ಬಿಡಿಸಿದ ಮೇಲೆ ಮಳೆಗಾಲಕ್ಕೆ ಮುಂಚೆ ಗಿಡವನ್ನು ಬೇರುಸಹಿತ ಕೀಳಬೇಕು. ಬಿಟ್ಟರೆ ಮೊದಲ ಮಳೆಗೆ ಚಿಗುರಿ ನಾಲ್ಕು ಕಾಯಿ ಕಟ್ಟುತ್ತದೆ. ಕಾಯಿ ಕೊರೆಯುವ ಹುಳ ಅದರೊಳಗೆ ಜೀವ ಹಿಡಿದುಕೊಂಡಿದ್ದು ಹೊಸ ಬೆಳೆಗೆ ಹಾರುತ್ತದೆ. ಗಿಡ ಕೀಳಲು ಕಬ್ಬಿಣದ ಚಿಮಟ ಬಂತು. ಬುಡಕ್ಕೆ ಕಚ್ಚಿಸಿ ಎತ್ತಿದರೆ ಬೇರು ಸರ್ರನೆ ಬರುತ್ತಿತ್ತು. ತಿರಕಪ್ಪನಿಗೆ ಈ ಕೆಲಸ ಎಷ್ಟು ಹಿಡಿಸಿತೆಂದರೆ, ಬಸವ ಜಯಂತಿಯ ಹೊತ್ತಿಗೆ ಅವನ ಹೊಲ ಕ್ಷೌರ ಮಾಡಿದ ತಲೆಯಂತೆ ಹೊಳೆಯುತ್ತಿತ್ತು.

ಒಡ್ಡಿನಾಚೆ ಮಾತ್ರ ಪುಂಡಲೀಕಪ್ಪನ ಗಿಡಗಳು ಮಿರುಗದ ಮಳೆ ಕಳೆದರೂ ನಿಂತೇ ಇರುತ್ತಿದ್ದವು. ಶ್ರಾವಣದಲ್ಲಿ ಬಿತ್ತಿದ ತಿರಕಪ್ಪನ ಹತ್ತಿಗೆ ಹುಳ ಮೂಡಲಿಂದ ಬರುತ್ತಿತ್ತು. ಒಮ್ಮೆ ಹಬ್ಬದ ಊಟದಲ್ಲಿ ಧೈರ್ಯ ಮಾಡಿ ಕೇಳಿದ.

“ಬೀಗರ, ಗಿಡಾ ಕೀಳಸೂದಿಲ್ಲೇನ್ರಿ?”

“ಯಾಕ ಕೀಳಸ್ಬೇಕ್ರಿ? ಕಿತ್ತ ಒಟ್ಟಿದ್ರ ಗೆದ್ದಲ ತಿಂತಾವ. ನಿಂತಲ್ಲೇ ಒಣಗ್ತಾವ, ನಿಮ್ಮ ಮಗಳು ದಿನಾ ಒಂದ ಹೊರಿ ಮುರಕೊಂಡ ಬಂದ ಒಲಿ ಹಚ್ಚತಾಳ.”

“ಹುಳಾ ಆಗ್ತಾವ್ರಿ...”

“ಹುಳದ ಕಾಯ್ದೆ ನಿಮ್ಮ ಕಡೆ ಐತಿ. ನಮ್ಮ ಕಡೆ ಕಾಯ್ದೇನ ಇಲ್ಲ, ಹುಳಾ ಎಲ್ಲಿಂದ ಬರಬೇಕ್ರಿ? ಹೋಳಗಿ ತಿನ್ರಿ.”

ತಿರಕಪ್ಪ ಹೋಳಿಗೆ ತಿಂದ. ಮನೆಗೆ ಬಂದಾಗ ಹೆಂಡತಿ ದೇವವ್ವ, “ರೂಪಾಯಿಗೆ ಎಂಟಾಣೆದಷ್ಟು ಬೆಳಿ ಹುಳದ ಬಾಯಾಗ ಹೊಂಟೈತಿ, ನೀ ಹೋಳಗಿ ತಿಂದ ಬಂದಿ” ಎಂದು ಚುಚ್ಚಿದಳು.

“ಮಗಳ ಅಲ್ಲಿ ಅದಾಳಲೇ” ಎಂದ. ಅವನ ಎಲ್ಲ ಉತ್ತರವೂ ಅದೇ.

ನಿಜಾಮ ಹೋದ, ಹುಳ ಹೋಗಲಿಲ್ಲ. ಕೊನೆಗೆ ನಾಡೇ ಒಂದಾಯಿತು. ಮುಂಡರಗಿಯಲ್ಲಿ ಹಂಚಿದ ಪೇಢೆ ಬಾಯಿಗಿಟ್ಟುಕೊಂಡು ತಿರಕಪ್ಪ ಜೈಕಾರ ಹಾಕಿದ. ಇನ್ನು ಒಡ್ಡು ಬರೀ ಒಡ್ಡು ಎಂಬ ಸಂತೋಷ ಅವನದು. ಎರಡು ವರ್ಷಕ್ಕೆ ಒಡ್ಡಿನ ಎರಡೂ ಕಡೆ ಹಲಗೆ ಬಾರಿಸಿ, ಗಿಡ ಕೀಳಬೇಕೆಂದು ಸಾರಿದರು. ಪುಂಡಲೀಕಪ್ಪ ಹಲಗೆಯ ಸಪ್ಪಳ ಕೇಳಿ ಮಗ್ಗುಲು ಬದಲಿಸಿದ.

ತಿರಕಪ್ಪ ಮುಂಡರಗಿಯ ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವ ವೆಂಕಟೇಶರಾಯರ ಎದುರು ಕುಕ್ಕರಿಸಿದ.

“ಅರ್ಜ್ಯಾಗ ನನ್ನ ಹೆಸರ ಬ್ಯಾಡ್ರಿ ರಾಯರ. ಮಗಳ ಕೊಟ್ಟ ಮನಿ.”

“ಹಾಕಂಗಿಲ್ಲ ಬಿಡೋ. ಗಿಡಾ ಕೀಳದ ಆ ಹೊಲದ ಚಕಬಂದಿ ಹೇಳು.”

“ಮೂಡಲಕ್ಕ ಹಳ್ಳ, ತೆಂಕಲಕ್ಕ ಬಂಡಿದಾರಿ, ಬಡಗಲಕ್ಕ ಮಾಶಾಕನ ಹೊಲ, ಪಡುವಲಕ್ಕ...”

“ಪಡುವಲಕ್ಕ?”

“ನಂದ್ರಿ.”

ರಾಯರು ಮಾತಿಗೆ ತಪ್ಪುವವರಲ್ಲ. ಅರ್ಜಿಯಲ್ಲಿ ತಿರಕಪ್ಪನ ಹೆಸರು ಎಲ್ಲಿಯೂ ಬರಲಿಲ್ಲ. ಮೂವತ್ತು ವರ್ಷದ ಕೈರೂಢಿಯಲ್ಲಿ ಅವರು ಬರೆದದ್ದು ಇಷ್ಟೇ: ‘ಪಡುವಲಕ್ಕೆ ಸದರಹು ಅರ್ಜಿದಾರನ ಜಮೀನು.’ ಒಂದೇ ಉಸಿರಿಗೆ ಓದಿಯೂ ತೋರಿಸಿದರು. ಕಚೇರಿಯ ಕನ್ನಡ ಮಂತ್ರದಂತೆ ಕೇಳಿಸಿತು, ತಿರಕಪ್ಪ ಕೈಮುಗಿದ.

ನೋಟೀಸಿನಲ್ಲಿ ಆ ಸಾಲು ಹಾಗೆಯೇ ಇಳಿದು ಬಂತು. ಪುಂಡಲೀಕಪ್ಪ ಅದನ್ನು ಸಾಲಿಮಾಸ್ತರರಿಂದ ಎರಡು ಸಲ ಓದಿಸಿದ. ಸರಕಾರದ ನಾಲ್ಕು ಆಳು ಚಿಮಟ ಹಿಡಿದು ಬಂದು ಅವನ ಹೊಲ ಬೋಳಿಸಿ ಹೋದರು. ಮರುದಿನ ಮುಂಜಾನೆ ಅವನು ಸೊಸೆಯನ್ನು ಒಡ್ಡಿನ ತನಕ ಕರೆತಂದ. ಅವಳ ಕಂಕುಳಲ್ಲಿ ಒಂದು ಗಂಟು. ಹಿಂದೆ ಗವಿಸಿದ್ದಪ್ಪ.

“ಪಡುವಲಕ್ಕ ಯಾರ ಹೊಲ ಐತ್ರಿ ಬೀಗರ?”

ತಿರಕಪ್ಪ ತಲೆಯ ಪಟಗ ಬಿಚ್ಚಿ ಕೈಯಲ್ಲಿ ಹಿಡಿದ.

“ನಮ್ಮ ಒಲಿಗೆ ಕಟ್ಟಿಗಿ ಇಲ್ದಂಗ ಮಾಡಿದ್ರಿ. ಒಲಿ ಉರಿಲಾರದ ಮನಿಯಾಗ ಸೊಸಿ ಯಾಕ್ರಿ? ಒಯ್ರಿ.”

“ತಪ್ಪಾತ್ರಿ. ಕಾಲ ಹಿಡಕೋತೀನಿ.”

“ಬ್ಯಾಡ್ರಿ ಮಾರಾಯ್ರ. ಬುಡಕ್ಕ ಕೈ ಹಾಕಿದ್ರ ಬೇರ ಸಹಿತ ಕೀಳಾವ್ರು ನೀವು.”

ಗವಿಸಿದ್ದಪ್ಪ ಬಾರುಕೋಲಿನ ತುದಿಯನ್ನು ನೋಡುತ್ತಿದ್ದ. ಫಕ್ಕೀರವ್ವ ಯಾರನ್ನೂ ನೋಡದೆ ಒಡ್ಡು ದಾಟಿದಳು.

ಆ ವರ್ಷ ಎರಡೂ ಹೊಲದಲ್ಲಿ ಹುಳ ಬೀಳಲಿಲ್ಲ. ಕಾಯಿಗಳು ಮುಷ್ಟಿ ಬಿಚ್ಚಿದಂತೆ ಅರಳಿದವು. “ಕಾಯ್ದೆ ಅಂದ್ರ ಹಿಂಗಿರಬೇಕು” ಎಂದು ಪುಂಡಲೀಕಪ್ಪ ಕಟ್ಟೆಯ ಮೇಲೆ ಕುಳಿತು ಸರಕಾರವನ್ನು ಹೊಗಳಿದನಂತೆ. ಅವನ ಮೂರು ಬಂಡಿ ಹತ್ತಿ ಗದಗಿನ ಪೇಟೆಗೆ ಹೋಯಿತು. ಬಂಡಿಗಳು ತಿರುಗಿ ಬರುವಾಗ ಸೀರೆ, ಬಾಸಿಂಗ ತಂದವು. ಗವಿಸಿದ್ದಪ್ಪನಿಗೆ ಎರಡನೆಯ ಮದುವೆ.

ಸುದ್ದಿ ತಂದ ದೇವವ್ವ ಅದನ್ನು ಹೊಸ್ತಿಲಲ್ಲೇ ನಿಂತು ಹೇಳಿದಳು. ತಿರಕಪ್ಪ ಪಟಗ ಸುತ್ತಿಕೊಂಡು ಎದ್ದ.

“ಎರಡನೇ ಹೆಣ್ತಿ ಮಾಡ್ಕೊಳ್ಳಾಕ ಈಗ ಬರಂಗಿಲ್ಲಂತ, ಕಾಯ್ದೆ ಐತಂತ. ಮುಂಡರಗಿಗೆ ಹೋಗಿ ಅರ್ಜಿ ಕೊಟ್ಟ ಬರ್ತೀನಿ.”

“ಕುಂದ್ರಪ್ಪಾ” ಎಂದಳು ಫಕ್ಕೀರವ್ವ, ಅರಳೆಯೊಳಗಿನ ಕಸ ಆರಿಸುತ್ತ. “ಕೀಳಾಕ ಕಾಯ್ದೆ ಐತಿ. ಕಿತ್ತದ್ದನ್ನ ತಿರಗಿ ನೆಡಾಕ ಐತೇನು?”

ಅವನು ಕೂಡ್ರಲಿಲ್ಲ, ಮುಂಡರಗಿಗೂ ಹೋಗಲಿಲ್ಲ. ಹೊಲಕ್ಕೆ ಹೋದ. ಸಾಲಿನಲ್ಲಿ ಹಿಂದುಳಿದ ಹಸಿಕಾಯಿಗಳನ್ನು ಒಂದೊಂದೇ ಹರಿದು, ಉಗುರಿನಿಂದ ಸೀಳಿ, ಕಣ್ಣಿಗೆ ಹಿಡಿದು ನೋಡತೊಡಗಿದ. ಒಂದೇ ಒಂದು ಹುಳ ಸಿಕ್ಕಿದ್ದರೂ, ಕಿತ್ತ ಮೇಲೂ ಏನೋ ಉಳಿಯುತ್ತದೆಂದು ಅವನ ಜೀವಕ್ಕೆ ಸಮಾಧಾನವಾಗುತ್ತಿತ್ತು. ಎಲ್ಲವೂ ಒಳಗೆ ಹಾಲಿನಂತೆ ಬೆಳ್ಳಗಿದ್ದವು. ಬುತ್ತಿ ತಂದ ಮಗಳು ಅವನ ಕಾಲ ಬಳಿ ಬಿದ್ದ ಸಿಪ್ಪೆಯ ರಾಶಿ ನೋಡಿ, “ಸಾಕ ಬಿಡಪ್ಪಾ, ಎಳೀ ಕಾಯಿ ಹಾಳ ಮಾಡಬ್ಯಾಡ” ಎಂದಳು.