ಬೆರಳಿಗೆ ಸಿಕ್ಕ ಗೆರೆ

ನಾನು ಪಾಠ ಮಾಡುವ ಸೇಡಂನ ಡಿಗ್ರಿ ಕಾಲೇಜಿಗೆ ದಂಡೋತಿಯಿಂದ ಒಬ್ಬ ಹುಡುಗಿ ಬಸ್ಸಿನಲ್ಲಿ ಬರುತ್ತಿದ್ದಳು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿನದನ್ನು ಕಂಪ್ಯೂಟರೇ ಓದಿ ಹೇಳುತ್ತಿತ್ತು. ಅದನ್ನು ಕೇಳಿಸಿಕೊಂಡೇ ಪ್ರೋಗ್ರಾಂ ಬರೆಯುತ್ತಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ಪ್ರೋಟೀನಿನಲ್ಲಿ ಮರುಕಳಿಸುವ ತುಣುಕುಗಳನ್ನು ಹುಡುಕುವ ಕೆಲಸ.

ಪ್ರೋಟೀನನ್ನು ಅಕ್ಷರಗಳ ಉದ್ದ ಸಾಲಾಗಿ ಬರೆಯುತ್ತೇವೆ. ಅದೇ ಸಾಲನ್ನು ಒಂದು ಚೌಕದ ಮೇಲಂಚಿಗೂ ಎಡ ಅಂಚಿಗೂ ಬರೆದು, ಅಕ್ಷರ ಹೊಂದಿದ ಕಡೆಯೆಲ್ಲ ಚುಕ್ಕೆ ಇಟ್ಟರೆ ಮೂಲೆಯಿಂದ ಮೂಲೆಗೆ ಒಂದು ಓರೆಗೆರೆ ಮೂಡುತ್ತದೆ. ಅದರ ಪಕ್ಕದಲ್ಲಿ ಅಂಥದೇ ಚಿಕ್ಕ ಗೆರೆ ಕಂಡರೆ, ಯಾವುದೋ ತುಣುಕು ಮತ್ತೆ ಬಂದಿದೆ ಎಂದರ್ಥ. ಅವಳ ಪ್ರೋಗ್ರಾಂ ಆ ಚಿತ್ರವನ್ನು ಬಿಡಿಸಿತು. ಅದರಲ್ಲಿ ಏನಿದೆಯೆಂದು ನಾನು ವಿವರಿಸಿದೆ.

“ನೀವು ಹೇಳಿದ್ದು ತಿಳೀತ್ರಿ ಮೇಡಂ. ಆದ್ರ ನಾನೇ ನೋಡಬೇಕು ಅನಸ್ತದ,” ಎಂದಳು.

ಆ ಚಿತ್ರವನ್ನು ಮನೆಗೆ ತಂದು ಅಮ್ಮನಿಗೆ ತೋರಿಸಿ ಹೇಳಿದೆ. ಅಮ್ಮ ಕಸೂತಿಯ ದಾರ ಹುಡುಕಿ ತೆಗೆದು, ದಪ್ಪ ಬಟ್ಟೆಯ ಮೇಲೆ ಚುಕ್ಕೆಗೊಂದು ಗಂಟು ಹಾಕತೊಡಗಿದಳು.

ಭಾನುವಾರ ಹುಡುಗಿ ಮನೆಗೆ ಬಂದಳು. “ಬಾರವ್ವ, ನನ್ನ ಮಗ್ಗಲಕ್ಕ ಕುಂದ್ರು,” ಎಂದು ಅಮ್ಮ ಬಟ್ಟೆಯನ್ನು ಅವಳ ತೊಡೆಯ ಮೇಲೆ ಹಾಸಿದಳು.

ಬೆರಳಾಡಿಸಿದ ಹುಡುಗಿಯ ಮುಖ ಸಪ್ಪಗಾಯಿತು. “ಆಯಿ, ಎಲ್ಲಾ ಕಡೀ ಗಂಟೇ ಅವ. ಗೆರಿ ಸಿಗವಲ್ದು.”

ಅವಳು ಹೇಳಿದ್ದು ನಿಜ. ಆಕಸ್ಮಿಕವಾಗಿ ಹೊಂದಿದ ಅಕ್ಷರಗಳೇ ಚೌಕದ ತುಂಬ ಇದ್ದವು. ಅಲ್ಲೇ ಕುಳಿತು ಅವಳು ಪ್ರೋಗ್ರಾಂ ತಿದ್ದಿದಳು: ಹಿಂದುಮುಂದಿನ ಅಕ್ಷರಗಳೂ ಬಹುಮಟ್ಟಿಗೆ ಹೊಂದಿದರೆ ಮಾತ್ರ ಚುಕ್ಕೆ ಉಳಿಯಬೇಕು. ಹೊಸ ಚಿತ್ರ ನೋಡಿಕೊಂಡು ಅಮ್ಮ ಬೇಸರವಿಲ್ಲದೆ ಗಂಟು ಬಿಚ್ಚುತ್ತ ಹೋದಳು.

ಮುಂದಿನ ವಾರ ಹುಡುಗಿಯ ಬೆರಳು ದೊಡ್ಡ ಗೆರೆಯನ್ನು ದಾಟಿ ಪಕ್ಕಕ್ಕೆ ಸರಿದು ನಿಂತಿತು. ಮೆಲ್ಲಗೆ ಮುಂದಕ್ಕೆ ಹೋಯಿತು, ಮತ್ತೆ ಹಿಂದಕ್ಕೆ ಬಂತು.

“ಸಿಕ್ತ್ರಿ ಮೇಡಂ! ಇಲ್ಲಿ ಇನ್ನೊಂದದ!”

ಆ ಗೆರೆಯ ನಡುವೆ ಒಂದು ಕಡೆ ಬೆರಳಿಗೆ ಏನೂ ತಾಗಲಿಲ್ಲ. ಅಮ್ಮ ಗಾಬರಿಯಾಗಿ, “ಅಯ್ಯ, ಅಲ್ಲಿ ಗಂಟು ಹಾಕೋದು ಮರ್ತೆ ಏನು?” ಎಂದಳು.

“ಇಲ್ಲ ಆಯಿ, ಬರೋಬ್ಬರಿ ಅದ. ಅಲ್ಲಿ ಅಕ್ಷರ ಬದಲಾಗ್ಯಾದ. ತುಣುಕು ಮಾತ್ರ ಅದೇ,” ಎಂದು ಹುಡುಗಿ ಅಮ್ಮನ ಬೆರಳನ್ನು ಹಿಡಿದು ಆ ಗೆರೆಯುದ್ದಕ್ಕೂ ನಡೆಸಿದಳು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಚಹಾ ಸೋಸುವುದನ್ನು ಬಿಟ್ಟು ಅವರನ್ನೇ ನೋಡುತ್ತ ನಿಂತೆ.

ಈಗ ಅವಳು ಕಲಬುರಗಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಫೋನು ಮಾಡುವುದು ಅಮ್ಮನಿಗೇ. ಮಾತೆಲ್ಲ ಮುಗಿದ ಮೇಲೆ, “ಮೇಡಂ ಅದಾರೇನ್ರಿ?” ಎಂದು ಕೇಳುತ್ತಾಳೆ.