ಮಗ್ಗದ ಕುಳಿಗೆ ಎರಡು ಚೊಂಬು ನೀರು

ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಕುಳಿ ಇದೆ. ಕೈಮಗ್ಗದ ಮುಂದೆ ಕೂತು ಕಾಲು ಇಳಿಬಿಡಲು ತೋಡಿದ್ದು. ಒಣ ಗಾಳಿಗೆ ನೂಲು ಕಡಿಯುತ್ತದೆಂದು ಬೆಳಿಗ್ಗೆ ಅದಕ್ಕೆ ನೀರು ಚಿಮುಕಿಸುವುದು ಕೊಯಮತ್ತೂರಿನ ನೇಕಾರರ ಮನೆಗಳ ರೂಢಿ. ಕುಳಿ ತಣ್ಣಗಿದ್ದರೆ ನೂಲು ಮೆತ್ತಗಿರುತ್ತದೆ. ಮಗ್ಗ ಹೋಗಿ ಬಹಳ ಕಾಲವಾಯಿತು. ಕಳೆದ ತಿಂಗಳು ಅಪ್ಪ ಕುಳಿ ಮುಚ್ಚಿ ಟೈಲ್ಸ್ ಹಾಕಿಸುವ ಮಾತೆತ್ತಿದಾಗ ನಾವು ತಮಿಳರಂತೆ ಪಾಟಿ ಎನ್ನುವ ಮುತ್ತಜ್ಜಿ ಚೌಡಮ್ಮ ನನ್ನನ್ನು ಹತ್ತಿರ ಕರೆದಳು.

ನೀವು ಈ ಊರಿಗೆ ಬಂದರೆ ಗಿರಣಿ ನೋಡುತ್ತೀರಿ, ಪಂಪು ಮಾಡುವ ಕಾರ್ಖಾನೆ ನೋಡುತ್ತೀರಿ. ಬಿಳಿಯರ ಪೊಲೀಸರ ಮೇಲೆ ಬಾಂಬು ಎಸೆಯಲು ಇಲ್ಲಿ ಜನ ಗುಟ್ಟಾಗಿ ಸೇರುತ್ತಿದ್ದರೆಂದು ಯಾವ ಗೋಡೆಯ ಮೇಲೂ ಬರೆದಿಲ್ಲ. ಚೌಡಮ್ಮನ ಅಣ್ಣ ರಾಮಣ್ಣ ಅವರಲ್ಲೊಬ್ಬ. ಮದುಕ್ಕರೈ ಕಡೆಯ ಸುಣ್ಣದಕಲ್ಲಿನ ಗಣಿಯಿಂದ ಕದ್ದು ತಂದ ಸಿಡಿಮದ್ದನ್ನು ಗಡಿಗೆಗೆ ತುಂಬಿ ಇದೇ ಕುಳಿಯ ತಳದಲ್ಲಿ ಹೂತಿಟ್ಟ. ಅವಳಿಗಾಗ ಹತ್ತು ವರ್ಷ. ಅವನು ಅವಳಿಗೆ ಹೇಳಿದ್ದು ಒಂದೇ ಮಾತು: ದಿನಾ ಏನು ಮಾಡುತ್ತೀಯೋ ಅದನ್ನೇ ಮಾಡು, ಯಾರಿಗೂ ಅನುಮಾನ ಬರಬಾರದು.

ಅವಳು ಅದನ್ನೇ ಮಾಡಿದಳು. ದಿನಾ ಎರಡು ಚೊಂಬು. ಪೊಲೀಸರು ಬಂದು ಮನೆಯನ್ನೆಲ್ಲ ತಡಕಿದರು. ಒದ್ದೆ ಕುಳಿಯನ್ನೂ ಅದರಲ್ಲಿ ಕಾಲಾಡಿಸುತ್ತ ನೇಯುತ್ತಿದ್ದ ತಾಯಿಯನ್ನೂ ನೋಡಿ, ಇಲ್ಲೇನಿದ್ದೀತು ಎಂದು ಹೊರಟುಹೋದರು. ವಾರ ಕಳೆದು ರಾಮಣ್ಣ ಗಡಿಗೆ ತೆಗೆದ, ಬಾಂಬು ಕಟ್ಟಿದ, ಪೊಲೀಸ್ ಲಾರಿಯ ಮುಂದೆ ಎಸೆದ. ಅದು ಸಿಡಿಯಲಿಲ್ಲ. ಅವರ ಬಂದೂಕು ಸಿಡಿಯಿತು.

ದೇಶಕ್ಕಾಗಿ ಸತ್ತ ಅನ್ನುತ್ತಾರೆ. ನನಗೆ ಮಾತಿಗೆ ಹೂವು ಮುಡಿಸಲು ಬರುವುದಿಲ್ಲ. ಲಾರಿ ಒಂದು ಗಳಿಗೆ ನಿಂತು ಮುಂದೆ ಹೋಯಿತು, ಅಷ್ಟೇ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮೋಟರಿಗೆ ತಂತಿ ಸುತ್ತುವವನು ನಾನು. ಎಷ್ಟು ಗಟ್ಟಿ ಮೋಟರನ್ನೂ ತೇವ ಒಳಗೊಳಗೇ ತಿಂದುಹಾಕುತ್ತದೆಂದು ಬಲ್ಲೆ. ಅದಕ್ಕೇ ಅವಳು ನನ್ನನ್ನು ಕರೆದದ್ದು.

"ನೀನು ಮೋಟ್ರು ಕೆಲ್ಸದೋನು, ನಿಂಗೆ ಗೊತ್ತಿರ್ತದೆ. ಮಣ್ಣಿನ ಗಡಿಗೇಲಿ ಮಡಗಿದ್ರೆ ಮದ್ದು ನೀರ್ ಹಿಡೀತದಾ ಮಗಾ?"

"ಈ ವಯಸ್ನಲ್ಲಿ ಯಾರ ಮೇಲೆ ಬಾಂಬ್ ಹಾಕ್ಬೇಕು ಪಾಟಿ? ಸೊಸೆ ಮೇಲಾ?"

"ಅವಳ್ಗೆ ಒಂದು ಬಾಂಬ್ ಸಾಲ್ದು. ಮಾತು ತಿರುಗಿಸ್ಬೇಡ, ಹೇಳ್ಡಾ. ಅಣ್ಣ ಮೇಣ ಹಾಕಿ ಬಾಯಿ ಮುಚ್ಚಿದ್ದ."

"ಬಾಯಿ ಮುಚ್ಚಿದ್ರೇನು? ಮಣ್ಣು ಮೈಯೆಲ್ಲಾ ನೀರು ಕುಡೀತದೆ. ಹಿಡ್ದೇ ಹಿಡೀತದೆ."

ಬಾಯಿಂದ ಬಿದ್ದ ಮೇಲೆ ನನಗೆ ತಿಳಿಯಿತು. ಎಂಬತ್ತು ವರ್ಷ ಅವಳು ಒಂದು 'ನನ್ನ ನೀರಿನಿಂದ ಇರಲಿಕ್ಕಿಲ್ಲ' ಎಂಬುದನ್ನು ಹಿಡಿದುಕೊಂಡು ಬದುಕಿದ್ದಳು. ಮದ್ದೇ ಕೆಟ್ಟದ್ದಿರಬಹುದು, ಬತ್ತಿ ಸರಿಯಿಲ್ಲದಿರಬಹುದು. ಅದನ್ನು ನಾನು ಒಂದೇ ಮಾತಿಗೆ ಕಿತ್ತುಕೊಂಡೆ.

"ನೀನು ನೀರು ಹಾಕಿದ್ದಕ್ಕೇ ಪೊಲೀಸ್ರು ಹೋದ್ರು ಪಾಟಿ. ಇಲ್ದಿದ್ರೆ ಮನೆಯೋರೆಲ್ಲಾ ಹೋಗ್ತಿದ್ರಿ," ಅಂದೆ.

ಅವಳು ಗೋಡೆಯ ಕಡೆ ಹೊರಳಿದಳು. ಹಾಗೇ ಮೆಲ್ಲಗೆ ಕೇಳಿದಳು:

"ಒಂದು ಸುಳ್ಳು ಹೇಳಕ್ಕೆ ನಿಂಗೆ ಯಾರೂ ಕಲಿಸ್ಲಿಲ್ವಾ?"